ಚಂಬಾ ನಗರವನ್ನು ಕಟ್ಟಿದ ಸಾಹಿಲವರ್ಮ

ಹಿಮಾಚಲ ಪ್ರದೇಶದ ಚಂಬಾ ಪಟ್ಟಣವು ರಾವಿ ನದಿಯ ಬಲದಂಡೆಯ ಮೇಲೆ, ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯದ ಪ್ರಾಕಾರದಲ್ಲಿ ಆರು ಕಲ್ಲಿನ ಗುಡಿಗಳು ಒಂದೇ ಸಾಲಿನಲ್ಲಿ ನಿಂತಿವೆ. ಮೂರು ವಿಷ್ಣುವಿನವು, ಮೂರು ಶಿವನವು. ಹಿಮ ಜಾರಿ ಬೀಳಲೆಂದು ಶಿಖರದ ಮೇಲೆ ಮರದ ಛತ್ರಿ ಇರಿಸಿರುವುದು ಕರಾವಳಿಯ ನಮ್ಮ ಕಣ್ಣಿಗೆ ಹೊಸತು. ಇವುಗಳಲ್ಲಿ ಹಿರಿದಾದ ಲಕ್ಷ್ಮೀನಾರಾಯಣನ ಗುಡಿಯನ್ನೂ, ಊರನ್ನೂ ಕಟ್ಟಿಸಿದ ಕೀರ್ತಿ ಸಾಹಿಲವರ್ಮನೆಂಬ ಅರಸನದು.

ಅವನ ಪೂರ್ವಜರ ರಾಜಧಾನಿ ರಾವಿಯ ಮೇಲ್ಕಣಿವೆಯ ಬ್ರಹ್ಮಪುರ, ಇಂದಿನ ಭರಮೌರ್. ಸುಮಾರು ಕ್ರಿ.ಶ. 920ರಲ್ಲಿ ಅವನು ರಾಜಧಾನಿಯನ್ನು ಕೆಳಗಿನ ಬಯಲಿಗೆ ತಂದನು. ಆ ನೆಲ ಬ್ರಾಹ್ಮಣರದು. ಪ್ರತಿ ಮದುವೆಗೆ ಎಂಟು ಚಕಲಿ ನಾಣ್ಯಗಳನ್ನು ಆ ಮನೆತನಕ್ಕೆ ಸಲ್ಲಿಸುವ ಕರಾರಿನ ಮೇಲೆ ಅವನು ಅದನ್ನು ಪಡೆದನೆಂದು ಹೇಳುತ್ತಾರೆ. ಊರಿಗೆ ಚಂಬಾ ಎಂಬ ಹೆಸರು ಅವನ ಮಗಳು ಚಂಪಾವತಿಯಿಂದ ಬಂದಿತಂತೆ.

ಈ ನಿರ್ಮಾಣಕ್ಕೆ ಅರಮನೆ ತೆತ್ತ ಬೆಲೆ ಸಣ್ಣದಲ್ಲ. ವಿಷ್ಣುವಿನ ಮೂರ್ತಿಗೆ ಅಮೃತಶಿಲೆ ತರಲು ಅರಸನು ತನ್ನ ಒಂಬತ್ತು ಮಕ್ಕಳನ್ನು ವಿಂಧ್ಯಪರ್ವತಕ್ಕೆ ಕಳುಹಿದನೆಂದು ವಂಶಾವಳಿ ಹೇಳುತ್ತದೆ. ತಂದ ಕಲ್ಲನ್ನು ಕಡಿಯಲು ತೊಡಗಿದಾಗ ಒಳಗೆ ಕಪ್ಪೆ ಕಂಡಿತು. ಅದು ಮೂಲಮೂರ್ತಿಗೆ ಸಲ್ಲದೆಂದು ಸಣ್ಣ ವಿಗ್ರಹಗಳಿಗೆ ಬಳಸಿ, ಮಕ್ಕಳನ್ನು ಮತ್ತೆ ಅಟ್ಟಿದರು. ಈ ಬಾರಿ ಅವರು ಹಿಂದಿರುಗಲಿಲ್ಲ. ದಾರಿಯಲ್ಲಿ ದರೋಡೆಕೋರರು ಒಂಬತ್ತು ಮಂದಿಯನ್ನೂ ಕೊಂದರು. ಕೊನೆಗೆ ಹಿರಿಯ ಮಗ ಯುಗಾಕರನು ಹೋಗಿ, ಸಂನ್ಯಾಸಿಗಳ ನೆರವಿನಿಂದ ಕಳ್ಳರನ್ನು ಸದೆಬಡಿದು ಶಿಲೆ ತಂದನು.

ನೀರಿನ ಕಥೆ ಇದಕ್ಕಿಂತ ಕಠಿನ. ಸರೋತಾ ತೊರೆಯಿಂದ ಊರಿಗೆ ಕಾಲುವೆ ತೋಡಿಸಿದರೂ ನೀರು ಹರಿಯಲಿಲ್ಲ. ಅರಮನೆಯ ಜೀವವೊಂದು ಬೇಕೆಂದು ಪಂಡಿತರು ನುಡಿದಾಗ ರಾಣಿಯೇ ಮುಂದೆ ಬಂದು, ಬಲೋಟದ ಬಳಿ ಜೀವಂತ ಸಮಾಧಿಯಾದಳು, ನೀರು ಹರಿಯಿತು. ನಮಗೆ ಇದನ್ನು ಕೇಳಿದೊಡನೆ 'ಕೆರೆಗೆ ಹಾರ'ದ ಭಾಗೀರಥಿ ನೆನಪಾಗುತ್ತಾಳೆ. ಜನ ಆಕೆಯನ್ನು ಸುನಯನಾ ಎನ್ನುತ್ತಾರೆ. ಯುಗಾಕರನ ತಾಮ್ರಶಾಸನ ತನ್ನ ತಾಯಿಯ ಹೆಸರು ನೆನ್ನಾದೇವಿ ಎನ್ನುತ್ತದೆ. ಬಲಿಯ ಮಾತೇ ಅಲ್ಲಿಲ್ಲ. ಆದರೆ ಶಾಸನ ಓದುವವರು ಎಷ್ಟು ಮಂದಿ? ಚೈತ್ರದ ಸೂಹಿ ಜಾತ್ರೆಗೆ ಹೆಂಗಸರು, ಮಕ್ಕಳು ಹಾಡುತ್ತ ಬೆಟ್ಟ ಹತ್ತುವುದು ರಾಣಿಗಾಗಿ, ರಾಜನಿಗಾಗಿ ಅಲ್ಲ. ಅದು ನ್ಯಾಯವೆಂದೇ ನಮ್ಮ ಭಾವನೆ.

ಮುಪ್ಪಿನಲ್ಲಿ ಸಾಹಿಲವರ್ಮನು ಯುಗಾಕರನಿಗೆ ಪಟ್ಟ ಕಟ್ಟಿ, ಗುರು ಚರ್ಪಟನಾಥ ಯೋಗಿಯೊಡನೆ ಹಳೆಯ ಬ್ರಹ್ಮಪುರಕ್ಕೇ ಮರಳಿ ಸಾಧುವಾಗಿ ಉಳಿದನೆಂಬುದು ಪ್ರತೀತಿ. ಮೇಲೆ ಹೇಳಿದ ಚಕಲಿ ನಾಣ್ಯದ ಮೇಲಿದ್ದ ಗುರುತು ಅರಸನ ಮುಖವಲ್ಲ, ಆ ಯೋಗಿಯ ಸೀಳಿದ ಕಿವಿ.