ಪುಣ್ಯಭೂಮಿಗೆ ದಾರಿ ತೋರಿದ ಥಾಮಸ್ ಕುಕ್

1881ರಲ್ಲೇ ಮುಂಬಯಿಯಲ್ಲಿ ಕಚೇರಿ ತೆರೆದ ಪ್ರವಾಸ ಸಂಸ್ಥೆಯಿಂದಾಗಿ ಥಾಮಸ್ ಕುಕ್ ಹೆಸರು ಮುಂಬಯಿಗರಿಗೆ ಚಿರಪರಿಚಿತ. ಆದರೆ ಅವರು ಬಡಗಿಯಾಗಿ, ಬ್ಯಾಪ್ಟಿಸ್ಟ್ ಧರ್ಮಪ್ರಚಾರಕರಾಗಿ ದುಡಿದವರೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಇಂಗ್ಲೆಂಡಿನ ಡರ್ಬಿಶೈರ್‌ನ ಮೆಲ್ಬರ್ನ್‌ನಲ್ಲಿ 1808ರ ನವೆಂಬರ್ 22ರಂದು ಜನಿಸಿದ ಕುಕ್, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟರು. 1841ರ ಜುಲೈ 5ರಂದು ಪಾನವಿರೋಧಿ ಸಭೆಗಾಗಿ ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಮಂದಿಯನ್ನು ತಲಾ ಒಂದು ಶಿಲ್ಲಿಂಗ್‌ಗೆ ರೈಲಿನಲ್ಲಿ ಕರೆದೊಯ್ದರು. ಅಲ್ಲಿಂದ ಶುರುವಾಯಿತು ಪ್ರವಾಸದ ಗೀಳು. 1846ರಲ್ಲಿ ದಿವಾಳಿಯಾದರೂ ಎದೆಗುಂದಲಿಲ್ಲ.

ಬೈಬಲಿನ ನಾಡನ್ನು ಭಕ್ತರಿಗೆ ಕಣ್ಣಾರೆ ತೋರಿಸಬೇಕೆಂಬ ಅವರ ಹಂಬಲ 1869ರಲ್ಲಿ ಕೈಗೂಡಿತು. ಆಗ ಪ್ಯಾಲೆಸ್ತೀನಿನಲ್ಲಿ ರೈಲಿರಲಿಲ್ಲ. ಹಗಲು ಕುದುರೆ ಸವಾರಿ, ರಾತ್ರಿ ಡೇರೆ ವಾಸ. ಮಂಚ, ಹಾಸಿಗೆ, ಪಾತ್ರೆಪಗಡಿಗಳೆಲ್ಲ ಹೇಸರಗತ್ತೆಗಳ ಬೆನ್ನ ಮೇಲೆ. ಜೊತೆಗೆ ಅಡುಗೆಯವರು ಬೇರೆ! ಎಲ್ಲದಕ್ಕೂ ಸೇರಿ ಮುಂಗಡವಾಗಿ ಒಂದೇ ದರ. ಬೆತ್ಲೆಹೇಮ್ ಊರು, ಜೋರ್ಡಾನ್ ನದಿ ಸಾಮಾನ್ಯ ಗೃಹಸ್ಥರಿಗೂ ಎಟುಕಿದವು. ಹೋಟೆಲ್ ಕೂಪನ್ ಹಾಗೂ 1874ರ ಸರ್ಕ್ಯುಲರ್ ನೋಟ್ ಕೂಡ ಅವರದೇ ಕೊಡುಗೆ. ಮುಂದಿನ ಟ್ರಾವೆಲರ್ಸ್ ಚೆಕ್‌ಗೆ ಇದೇ ಅಣ್ಣ ಎನ್ನಬಹುದು.

ಆದರೆ ವ್ಯಾಪಾರದಲ್ಲಿ ಧರ್ಮಕಾರ್ಯ ಬೆರೆಸುವುದು ಮಗ ಜಾನ್‌ಗೆ ಒಪ್ಪಿಗೆಯಾಗಲಿಲ್ಲ. ಮನಸ್ತಾಪ ಬೆಳೆದು, 1870ರ ದಶಕದ ಕೊನೆಗೆ ತಂದೆ ತಾವೇ ಕಟ್ಟಿದ ಸಂಸ್ಥೆಯಿಂದ ದೂರ ಸರಿಯಬೇಕಾಯಿತು. 1880ರಲ್ಲಿ ಮಗಳು ಆ್ಯನಿ, 1884ರಲ್ಲಿ ಪತ್ನಿ ಮೇರಿಯಾನ್ ತೀರಿಕೊಂಡರು. ಆದರೂ 1888ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಕೊನೆಯ ಬಾರಿ ಪುಣ್ಯಭೂಮಿಗೆ ಹೋಗಿಬಂದರು.

1892ರ ಜುಲೈ 18ರಂದು ಅವರು ನಿಧನರಾದರು. ಯಾಫಾ-ಜೆರುಸಲೇಮ್ ರೈಲು ಓಡತೊಡಗಿದ್ದು ಅದೇ ಸೆಪ್ಟೆಂಬರಿನಲ್ಲಿ.