ಮಗನನ್ನು ಗಮನಿಸಿ ಬರೆದ ವೈದ್ಯ: ವಿಲಿಯಂ ಜೇಮ್ಸ್ ವೆಸ್ಟ್

ಮಕ್ಕಳೇ, ನಿಮ್ಮ ಮನೆಯಲ್ಲಿ ಎಳೆಯ ತಮ್ಮನೋ ತಂಗಿಯೋ ಇದ್ದರೆ ನೀವು ಗಮನಿಸಿರುತ್ತೀರಿ. ಪಾತ್ರೆ ಬಿದ್ದು ಸದ್ದಾದರೆ ಕೂಸು ಬೆಚ್ಚಿಬಿದ್ದು ಕೈಗಳನ್ನು ಅಗಲಿಸುತ್ತದೆ. ಇದು ಸಹಜ. ಆದರೆ ಎಲ್ಲ ಚಲನೆಗಳೂ ಸಹಜವಲ್ಲ. ಅಂತಹ ಒಂದು ಚಲನೆಯನ್ನು ವಿವರವಾಗಿ ಬರೆದಿಟ್ಟವರು ವಿಲಿಯಂ ಜೇಮ್ಸ್ ವೆಸ್ಟ್.

ವೆಸ್ಟ್ ಹುಟ್ಟಿದ್ದು 1793ರಲ್ಲಿ. ಅವರು ಇಂಗ್ಲೆಂಡಿನ ಟನ್‌ಬ್ರಿಜ್ ಎಂಬ ಊರಿನಲ್ಲಿ ವೈದ್ಯರಾಗಿದ್ದರು. 1840ರಲ್ಲಿ ಅವರಿಗೆ ಗಂಡು ಮಗುವಾಯಿತು. ನಾಲ್ಕು ತಿಂಗಳವರೆಗೆ ಮಗು ಚೆನ್ನಾಗಿ ಬೆಳೆಯಿತು. ಆಮೇಲೆ ಆಗಾಗ ತಲೆಯನ್ನು ಮುಂದಕ್ಕೆ ಬಾಗಿಸತೊಡಗಿತು. ಅದು ಮಗುವಿನ ಚೇಷ್ಟೆ ಇರಬಹುದೆಂದು ವೆಸ್ಟ್ ಮೊದಲು ಭಾವಿಸಿದರು. ಬರಬರುತ್ತಾ ತಲೆ ಮೊಣಕಾಲಿನತ್ತ ಬಾಗಿ, ಮತ್ತೆ ಮೇಲೇಳುತ್ತಿತ್ತು. ಕೆಲವು ಸೆಕೆಂಡುಗಳಿಗೊಮ್ಮೆ ಹೀಗೆ 10ರಿಂದ 20 ಬಾರಿ ಆಗುತ್ತಿತ್ತು. ಎರಡು ಮೂರು ನಿಮಿಷಗಳಲ್ಲಿ ನಿಲ್ಲುತ್ತಿತ್ತು. ಮಗುವಿನ ನಗು ಮಾಯವಾಯಿತು, ಬೆಳವಣಿಗೆ ಹಿಂದೆ ಬಿತ್ತು.

ಆ ಕಾಲದ ಔಷಧಿಗಳಿಂದ ಪ್ರಯೋಜನವಾಗಲಿಲ್ಲ. ವೆಸ್ಟ್ ಲಂಡನ್ನಿಗೆ ಹೋಗಿ ಹಿರಿಯ ವೈದ್ಯರನ್ನು ಕಂಡರು. ಅವರಲ್ಲಿ ಒಬ್ಬರಾದ ಚಾರ್ಲ್ಸ್ ಕ್ಲಾರ್ಕ್ ಅಲ್ಲಿಯವರೆಗೆ ಇಂತಹ ನಾಲ್ಕೇ ಮಕ್ಕಳನ್ನು ನೋಡಿದ್ದರು. ಮಗು ಬಾಗುವ ರೀತಿಯನ್ನು ಕಂಡು ಅವರು ಇದನ್ನು ಸಲಾಂ ಸೆಳವು ಎಂದು ಕರೆಯುತ್ತಿದ್ದರು. ನಮಗೆಲ್ಲ ಗೊತ್ತಿರುವ ಅದೇ ಸಲಾಂ!

ವೆಸ್ಟ್ ಕೈಚೆಲ್ಲಿ ಕೂರಲಿಲ್ಲ. ಕಂಡದ್ದನ್ನೆಲ್ಲ ಬರೆದು, ಬೇರೆ ವೈದ್ಯರ ನೆರವು ಕೋರಿ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಗೆ ಕಳುಹಿಸಿದರು. 1841ರ ಫೆಬ್ರವರಿಯಲ್ಲಿ ಆ ಪತ್ರ ಪ್ರಕಟವಾಯಿತು. ಆದರೆ ಅವರ ಮಗ ಗುಣವಾಗಲಿಲ್ಲ. ವೆಸ್ಟ್ 1848ರಲ್ಲಿ ತೀರಿಕೊಂಡರು.

ಅವರ ಬರಹ ಮಾತ್ರ ಉಳಿಯಿತು. 20ನೇ ಶತಮಾನದಲ್ಲಿ ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಇಇಜಿ ಯಂತ್ರ ಬಂದಿತು. ಆಗ ಈ ಮಕ್ಕಳ ಮಿದುಳಿನಲ್ಲಿ ಸಂಕೇತಗಳು ಅಸ್ತವ್ಯಸ್ತವಾಗಿರುವುದು ತಿಳಿಯಿತು. 1958ರಲ್ಲಿ ಒಂದು ಹಾರ್ಮೋನಿನ ಚಿಕಿತ್ಸೆಯಿಂದ ಗುಣ ಕಂಡದ್ದು ವರದಿಯಾಯಿತು. ಇಂದು ಇದರ ಹೆಸರು ವೆಸ್ಟ್ ಸಿಂಡ್ರೋಮ್. ಇದಕ್ಕೆ ಔಷಧಿಗಳಿವೆ. ಬೇಗ ಶುರುವಾದಷ್ಟೂ ಚಿಕಿತ್ಸೆಯಿಂದ ಲಾಭ ಹೆಚ್ಚು.

ಆದ್ದರಿಂದ ನೆನಪಿಡಿ. ಮಗುವಿನ ತಲೆ ಅಥವಾ ಮೈ ಇದ್ದಕ್ಕಿದ್ದಂತೆ ಬಾಗಿ, ಅದೇ ಚಲನೆ ಮೇಲಿಂದ ಮೇಲೆ ಆಗುತ್ತಿದ್ದರೆ ಕೂಡಲೇ ಹಿರಿಯರಿಗೆ ತಿಳಿಸಿ. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಲು ಹೇಳಿ. ಹೊಟ್ಟೆನೋವಿರಬೇಕು, ದೃಷ್ಟಿ ತಗುಲಿರಬೇಕು ಎಂದು ದಿನ ಕಳೆಯಬಾರದು. ಅಂದೇ ವೈದ್ಯರಿಗೆ ತೋರಿಸಬೇಕು.

ಕಂಡದ್ದನ್ನು ಕಂಡಂತೆ ಬರೆಯುವುದೂ ವಿಜ್ಞಾನವೇ. ವೆಸ್ಟ್ ತಮ್ಮ ಮಗನನ್ನು ಗುಣಪಡಿಸಲಾರದೆ ಹೋದರು. ಆದರೆ ಅವರು ಬರೆದ ಪತ್ರ ಮುಂದೆ ಬಂದ ವೈದ್ಯರಿಗೆ ದಾರಿ ತೋರಿಸಿತು.