ಗೊಬ್ಬರಕ್ಕೆ ಎಷ್ಟು ನೀರು? – ಸರ್ ಆಲ್ಬರ್ಟ್ ಹೊವರ್ಡ್

ಮಕ್ಕಳೇ, ಕಾಂಪೋಸ್ಟ್ ಡಬ್ಬದ ಮುಚ್ಚಳ ತೆಗೆದಾಗ ನಾತ ಹೊಡೆದರೆ ಮೂಗು ಮುಚ್ಚಿಕೊಂಡು ಓಡ್ತೀರಿ, ಅಲ್ವಾ? ಆ ನಾತಕ್ಕೆ ಹೆಚ್ಚಿನ ಸಲ ಕಾರಣ ನೀರು. ಕಸ ಗೊಬ್ಬರವಾಗಲು ಎಷ್ಟು ನೀರು ಬೇಕು ಅಂತ ವರ್ಷಗಟ್ಟಲೆ ಹೊಲದಲ್ಲೇ ನಿಂತು ನೋಡಿದವರೊಬ್ಬರ ಕಥೆ ಇದು.

ಆಲ್ಬರ್ಟ್ ಹೊವರ್ಡ್ 1873ರಲ್ಲಿ ಇಂಗ್ಲೆಂಡಿನ ರೈತರ ಮನೆಯಲ್ಲಿ ಹುಟ್ಟಿದರು. ಕೇಂಬ್ರಿಡ್ಜ್‌ನಲ್ಲಿ ಓದಿ, ವೆಸ್ಟ್ ಇಂಡೀಸ್‌ನಲ್ಲಿ ಬೆಳೆರೋಗಗಳ ಕೆಲಸಕ್ಕೆ ಸೇರಿದರು. ಅಲ್ಲಿ ಪ್ರಯೋಗಾಲಯವಿತ್ತು, ಬೆಳೆದು ನೋಡಲು ಜಮೀನಿರಲಿಲ್ಲ. ತಾನು ಬೆಳೆಯದೆ ರೈತರಿಗೆ ಬುದ್ಧಿ ಹೇಳೋದು ಅವರಿಗೆ ಹಿಡಿಸಲಿಲ್ಲ. 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದ ಮೇಲೆ ಜಮೀನೂ ಸಿಕ್ಕಿತು, ಗುರುಗಳೂ ಸಿಕ್ಕರು. ಆ ಗುರುಗಳು ಸುತ್ತಲಿನ ಹಳ್ಳಿಯ ರೈತರು! ಸಸ್ಯವಿಜ್ಞಾನಿಯಾಗಿದ್ದ ಪತ್ನಿ ಗೇಬ್ರಿಯೆಲ್ ಜೊತೆ ಅಲ್ಲಿ ಗೋಧಿಯ ಹೊಸ ತಳಿಗಳನ್ನು ಬೆಳೆಸಿದರು.

ಆದರೆ ಒಳ್ಳೆ ಬೀಜಕ್ಕೆ ಒಳ್ಳೆ ಮಣ್ಣೂ ಬೇಕಲ್ಲ. ಸಗಣಿಯ ದೊಡ್ಡ ಪಾಲು ಬೆರಣಿಯಾಗಿ ಒಲೆ ಸೇರುತ್ತಿತ್ತು. ಸೌದೆ ಇಲ್ಲದ ಮನೆಯವರಿಗೆ ಬೆರಣಿ ಸುಡಬೇಡಿ ಅನ್ನೋದು ಹೇಗೆ? ಉಳಿದ ಸ್ವಲ್ಪ ಸಗಣಿಯಲ್ಲೇ ಹೊಲದ ಕಸವನ್ನೆಲ್ಲ ಗೊಬ್ಬರ ಮಾಡಬೇಕಿತ್ತು. 1924ರಿಂದ ಇಂದೋರ್‌ನಲ್ಲಿ, ರಸಾಯನಶಾಸ್ತ್ರಜ್ಞ ಯಶವಂತ ವಾಡ್ ಜೊತೆ ಇದೇ ಕೆಲಸ. ಹತ್ತಿಗಿಡದ ಗಟ್ಟಿ ಕಡ್ಡಿಗಳನ್ನು ದಾರಿಯಲ್ಲಿ ಹರಡಿ ಗಾಡಿಚಕ್ರದಡಿ ಜಜ್ಜಿಸಿದರು. ಕಸ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿ ಎಲ್ಲ ಪದರಪದರವಾಗಿ ಗುಂಡಿಗೆ ಬಿತ್ತು.

ಈಗ ನೀರಿನ ವಿಷಯಕ್ಕೆ ಬನ್ನಿ. ಕಸವನ್ನು ಕೊಳೆಸೋದು ಶಿಲೀಂಧ್ರ, ಬ್ಯಾಕ್ಟೀರಿಯಾಗಳು. ಕಸ ಒಣಗಿದರೆ ಅವುಗಳ ಕೆಲಸ ನಿಲ್ಲುತ್ತೆ. ನೀರು ಹೆಚ್ಚಾದರೆ ಸಂದುಗಳೆಲ್ಲ ತುಂಬಿ ಗಾಳಿಗೆ ಜಾಗವೇ ಇರಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ನಾತ ಶುರು. ಹಿಂಡಿದ ಸ್ಪಂಜಿನಷ್ಟು ಒದ್ದೆಯಿದ್ದರೆ ನೀರೂ ಗಾಳಿಯೂ ಎರಡೂ ಸಿಗುತ್ತವೆ. ಇಂದೋರಿನ ಬಿಸಿಲಿನಲ್ಲಿ ಸುಮಾರು 2 ಅಡಿ ಆಳದ ಗುಂಡಿ ಚೆನ್ನಾಗಿ ತೇವ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಅದೇ ಗುಂಡಿ ಕೆರೆ! ಹಾಗಾಗಿ ಆಗ ನೆಲದ ಮೇಲೆಯೇ ರಾಶಿ ಹಾಕಿಸಿದರು. ನನಗೆ ತುಂಬಾ ಹಿಡಿಸಿದ್ದು ಇದೇ. ಕಸ ಅದೇ, ಹುಳ ಅದೇ, ಋತುವಿಗೆ ತಕ್ಕಂತೆ ಜಾಗ ಮಾತ್ರ ಬೇರೆ. ಮೂರು ಸಲ ತಿರುವಿ, ಒಣಗಿದಲ್ಲಿ ನೀರು ಚಿಮುಕಿಸಿದರೆ ಸುಮಾರು 3 ತಿಂಗಳಲ್ಲಿ ಗೊಬ್ಬರ ತಯಾರು.

1930ರಲ್ಲಿ ಗೇಬ್ರಿಯೆಲ್ ತೀರಿಕೊಂಡರು. ಮರುವರ್ಷ ಹೊವರ್ಡ್ ಮತ್ತು ವಾಡ್ ಅವರ ಪುಸ್ತಕ ಹೊರಬಂತು. ಅದೇ ವರ್ಷ ಹೊವರ್ಡ್ ಭಾರತ ಬಿಟ್ಟರು. ರಾಸಾಯನಿಕ ಗೊಬ್ಬರವನ್ನೇ ನೆಚ್ಚಿಕೊಳ್ಳಬೇಡಿ ಅಂದದ್ದಕ್ಕೆ ಎಷ್ಟೋ ವಿಜ್ಞಾನಿಗಳು ಅವರ ಮೇಲೆ ಮುನಿಸಿಕೊಂಡರು. 1947ರಲ್ಲಿ ಸಾಯುವವರೆಗೂ ಅವರು ಅದನ್ನೇ ಹೇಳುತ್ತಾ ಬಂದರು. ತಮ್ಮ ಪದ್ಧತಿಗೆ ಮಾತ್ರ ಸ್ವಂತ ಹೆಸರಿಡಲಿಲ್ಲ. ಅದನ್ನು ಇಂದೋರ್ ಪದ್ಧತಿ ಎಂದೇ ಕರೆದರು.